ಮುಚ್ಚೋ ಮೊದಲು ಕರೀರಿ

ಕೆಲಸ ಪೂರ್ತಿ ಮುಗಿಸಿ, ಗುಡಿಸಿ, ಆಮೇಲೆ ಇನ್ಸ್‌ಪೆಕ್ಷನ್‌ಗೆ ಕರೆಯುವವರ ಜೊತೆ ನನ್ನ ಜಗಳ ಹಳೆಯದು. ಬಂದು ನೋಡುವುದಾದರೂ ಏನನ್ನು? ಮೇಲೆ ನುಣ್ಣಗೆ ಕಾಂಕ್ರೀಟ್ ಕಾಣುತ್ತದೆ. ಅದರ ಕೆಳಗೆ ಮುರುಮ್, ಅಂದರೆ ಗರಸು ಮಣ್ಣು, ಎಷ್ಟು ದಪ್ಪ ಬಿದ್ದಿದೆ, ರೋಲರ್ ಸರಿಯಾಗಿ ಓಡಾಡಿದೆಯಾ, ಚರಂಡಿ ಗೋಡೆಯೊಳಗೆ ಸಲಾಖೆ (ಕಬ್ಬಿಣದ ಸರಳು) ಎಷ್ಟು ಅಂತರಕ್ಕೆ ಕಟ್ಟಿದ್ದಾರೆ, ಪೈಪಿನ ಕೆಳಗೆ ಏನು ಹಾಸಿದ್ದಾರೆ, ಎಲ್ಲ ಮುಚ್ಚಿಹೋಗಿರುತ್ತದೆ. ಫೋಟೋ ಇದೆ ಅಂತಾರೆ. ಫೋಟೋದಲ್ಲಿ ಟೇಪ್ ಹಿಡಿದ ಜಾಗ ಒಂದೇ ಕಾಣುತ್ತದೆ, ಉಳಿದ ಇನ್ನೂರು ಮೀಟರ್ ಕಾಣುವುದಿಲ್ಲ.

ನಾನು ಕಲಬುರಗಿಯಲ್ಲಿ ನಗರದ ಕಾಮಗಾರಿಗಳ ಗುಣಮಟ್ಟ ನೋಡುವ ಕೆಲಸ ಮಾಡುತ್ತೇನೆ. ಸಿಸಿ (ಸಿಮೆಂಟ್ ಕಾಂಕ್ರೀಟ್) ರಸ್ತೆ, ಚರಂಡಿ, ಯುಜಿಡಿ (ಒಳಚರಂಡಿ), ಫುಟ್‌ಪಾತ್, ಅಂಗನವಾಡಿ ಕಟ್ಟಡ, ಇಂಥವು. ಗುತ್ತೇದಾರರು ಕೆಲಸ ಮಾಡುತ್ತಾರೆ, ಇಲಾಖೆಯ ಜೆಇ (ಕಿರಿಯ ಎಂಜಿನಿಯರ್) ಅಳತೆ ತೆಗೆದು ಎಂಬಿ (ಅಳತೆ ಪುಸ್ತಕ) ಬರೆಯುತ್ತಾರೆ, ಅವರ ಮೇಲಿನ ಎಂಜಿನಿಯರ್ ಎಇಇ ಅದನ್ನು ಚೆಕ್ ಮಾಡುತ್ತಾರೆ, ನಾವು ಥರ್ಡ್ ಪಾರ್ಟಿ ಅಂತ ಹೋಗಿ ಪರೀಕ್ಷೆ ಮಾಡಿ ವರದಿ ಕೊಡುತ್ತೇವೆ. ಹೇಳುವುದಕ್ಕೆ ಸರಳ. ಆದರೆ ಈ ಕೆಲಸಕ್ಕೆ ಬೆಲೆ ಇರುವುದು ಮುಚ್ಚುವುದಕ್ಕೆ ಮುಂಚಿನ ಆ ಒಂದೆರಡು ಗಂಟೆಯಲ್ಲಿ ಮಾತ್ರ. ಆ ಹೊತ್ತಿಗೆ ನಾನು ಅಲ್ಲಿರಬೇಕು. ಇಲ್ಲದಿದ್ದರೆ ನನ್ನ ವರದಿ ಬರೀ ಕಾಗದ.

ಬೇರೆ ಊರಿಗಿಂತ ನಮ್ಮ ಊರಲ್ಲಿ ಇದು ಇನ್ನೂ ಜಾಸ್ತಿ ನಿಜ. ಕಾರಣ ಎರೆಮಣ್ಣು. ತೊಗರಿಗೆ ಇಷ್ಟು ಒಳ್ಳೆಯ ಮಣ್ಣು ಬೇರೆ ಇಲ್ಲ, ರಸ್ತೆಗೆ ಇಷ್ಟು ಕೆಟ್ಟ ಮಣ್ಣೂ ಇಲ್ಲ. ಮಳೆ ಬಿದ್ದರೆ ನೆನೆಹಾಕಿದ ಕಡಲೆ ಥರ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಮೇಲಿರುವ ರಸ್ತೆಯನ್ನೂ ಮನೆಯ ಪಾಯವನ್ನೂ ಪ್ರತಿ ವರ್ಷ ಎತ್ತಿ ಇಳಿಸುತ್ತದೆ. ಅದರಲ್ಲಿ ಮಾಂಟ್‌ಮೊರಿಲೊನೈಟ್ ಅನ್ನುವ ಜಾತಿಯ ಜೇಡಿ ಇರುತ್ತದೆ. ಅದರ ಕಣದೊಳಗಿನ ಪದರಗಳ ಮಧ್ಯೆ ನೀರು ನುಗ್ಗಿ ಪದರಗಳನ್ನು ದೂರ ತಳ್ಳುತ್ತದೆ. ಅದಕ್ಕೇ ಆ ಉಬ್ಬು.

ಇದನ್ನು ಕಣ್ಣಿಗೆ ಕಾಣುವ ಹಾಗೆ ತೋರಿಸುವ ಒಂದು ಪರೀಕ್ಷೆ ಇದೆ, ನನಗೆ ತುಂಬಾ ಇಷ್ಟ. ಒಣಗಿಸಿ ಜರಡಿ ಹಿಡಿದ ಮಣ್ಣು ಹತ್ತತ್ತು ಗ್ರಾಂ ತೂಗಿ, 100 ಎಂಎಲ್‌ನ ಎರಡು ಗಾಜಿನ ಜಾರಿಗೆ ಹಾಕುವುದು. ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ. ಕಡ್ಡಿಯಿಂದ ಕಲಕಿ ಗಾಳಿಗುಳ್ಳೆ ಬಿಡಿಸಿ ಒಂದು ದಿನ ಬಿಡುವುದು. ಸೀಮೆಎಣ್ಣೆಯಲ್ಲಿ ಮಣ್ಣು ಹಾಗೇ ಕೂರುತ್ತದೆ, ಉಬ್ಬುವುದಿಲ್ಲ. ನೀರಿನ ಜಾರಿನಲ್ಲಿ ಮಾರನೇ ದಿನ ನೋಡಿದರೆ ಅದೇ ಹತ್ತು ಗ್ರಾಂ ಎಷ್ಟೋ ಮೇಲೆ ಬಂದಿರುತ್ತದೆ. ಎರಡರ ವ್ಯತ್ಯಾಸವನ್ನು ಸೀಮೆಎಣ್ಣೆ ಜಾರಿನ ಅಳತೆಯಿಂದ ಭಾಗಿಸಿ ನೂರರಿಂದ ಗುಣಿಸಿದರೆ ಫ್ರೀ ಸ್ವೆಲ್ ಇಂಡೆಕ್ಸ್. 50 ದಾಟಿದರೆ ಆ ಮಣ್ಣನ್ನು ರಸ್ತೆಯ ಭರ್ತಿಗೆ ಬಳಸಬಾರದು ಅಂತ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ನಿರ್ದಿಷ್ಟತೆಯೇ ಹೇಳುತ್ತದೆ. ಗುತ್ತೇದಾರರ ಹುಡುಗರನ್ನು ಕರೆದು ಆ ಎರಡು ಜಾರು ಒಮ್ಮೆ ತೋರಿಸಿದರೆ ಸಾಕು, ಆಮೇಲೆ ಎರೆಮಣ್ಣು ಯಾಕೆ ತೆಗೆಸುತ್ತೀರಿ ಅಂತ ಯಾರೂ ವಾದ ಮಾಡುವುದಿಲ್ಲ.

ಹಾಗಾಗಿ ರಿಂಗ್ ರೋಡ್ ಆಚೆಯ ಹೊಸ ಬಡಾವಣೆಗಳಲ್ಲಿ ರಸ್ತೆ ಅಂದರೆ ಮೊದಲ ಕೆಲಸ ಅಗೆಯುವುದು. ಎಸ್ಟಿಮೇಟಿನಲ್ಲಿ ಎಷ್ಟು ಆಳ ಬರೆದಿದೆಯೋ ಅಷ್ಟು ಎರೆಮಣ್ಣು ತೆಗೆದು, ಒಳ್ಳೆಯ ಮುರುಮ್ ಹಾಕಿ, ನೀರು ಹೊಡೆದು, ರೋಲರ್ ಓಡಿಸಬೇಕು. ಒಂದೇ ಸಲ ಟಿಪ್ಪರ್‌ಗಟ್ಟಲೆ ಸುರಿದು ಮೇಲೊಂದು ಸಲ ರೋಲರ್ ಓಡಿಸಿದರೆ ಆಗುವುದಿಲ್ಲ. ರೋಲರಿನ ಬಲ ಕೆಳಗಿನವರೆಗೆ ಮುಟ್ಟುವುದೇ ಇಲ್ಲ. ಕೂತ ಮೇಲೆ 200 ಮಿಲಿಮೀಟರ್ ದಾಟದ ಹಾಗೆ ಒಂದೊಂದೇ ಪದರ ಹಾಕಬೇಕು. ಪ್ರತಿ ಪದರಕ್ಕೂ ಪರೀಕ್ಷೆ.

ಆ ಪರೀಕ್ಷೆಯೂ ನೋಡುವಂಥದ್ದೇ. ಕೂರಿಸಿದ ಮುರುಮಿನಲ್ಲಿ ತಟ್ಟೆಯ ನಡುವಿನ ರಂಧ್ರದ ಮೂಲಕ ಉಳಿಯಿಂದ ದುಂಡಗೆ ಒಂದು ಚಿಕ್ಕ ಗುಂಡಿ ತೋಡುತ್ತೇವೆ. ಬಂದ ಮಣ್ಣಿನಲ್ಲಿ ಒಂದು ಚಿಟಿಕೆಯೂ ಹಾಳಾಗದ ಹಾಗೆ ಬಳಿದು ತೂಗುತ್ತೇವೆ. ಆಮೇಲೆ ಡಬ್ಬಿಯಿಂದ ತೂಕ ಗೊತ್ತಿರುವ ಒಣ ಉಸುಕನ್ನು ಆ ಗುಂಡಿಗೆ ಬಿಡುವುದು. ಎಷ್ಟು ಉಸುಕು ಇಳಿಯಿತು ಅನ್ನುವುದರಿಂದ ಗುಂಡಿಯ ಗಾತ್ರ ಸಿಗುತ್ತದೆ, ತೇವಾಂಶ ಕಳೆದರೆ ಒಣ ಸಾಂದ್ರತೆ ಸಿಗುತ್ತದೆ. ಲ್ಯಾಬಿನಲ್ಲಿ ಅದೇ ಮುರುಮ್ ಎಷ್ಟು ಗಟ್ಟಿ ಕೂತಿತ್ತೋ ಅದರ ಶೇ. 97 ಬರಬೇಕು, ರಸ್ತೆಯ ಸಬ್‌ಗ್ರೇಡಿಗೆ, ಅಂದರೆ ರಸ್ತೆಯ ಅಡಿಯ ಮಣ್ಣಿನ ಪದರಕ್ಕೆ. ಹುಡುಗರು ರಸ್ತೆಯ ಮಧ್ಯೆ ತೋರಿಸುತ್ತಾರೆ, ಯಾಕಂದರೆ ರೋಲರ್ ಚೆನ್ನಾಗಿ ಓಡಿರುವುದು ಮಧ್ಯದಲ್ಲೇ. ನಾನು ಅಂಚಿಗೆ ಹೋಗಿ ಕೂರುತ್ತೇನೆ, ಚರಂಡಿಯ ಪಕ್ಕ, ಮ್ಯಾನ್‌ಹೋಲ್ ಸುತ್ತ. ರಸ್ತೆ ಮೊದಲು ಕುಸಿಯುವುದೇ ಅಲ್ಲಿ.

ಇದೆಲ್ಲ ಮಾಡಿ ಮೇಲೆ ಕಾಂಕ್ರೀಟ್ ಹಾಕಿದರೆ ಕೆಳಗಿನ ಕೆಲಸ ಯಾರಿಗೂ ಕಾಣುವುದಿಲ್ಲ. ಮಾಡದಿದ್ದರೂ ಕಾಣುವುದಿಲ್ಲ. ಎರಡು ಮಳೆಗಾಲ ಕಳೆದ ಮೇಲೆ ಉದ್ದಕ್ಕೂ ಬಿರುಕು ಬಿಟ್ಟಾಗ ಜನ ಸಿಮೆಂಟ್ ಕಡಿಮೆ ಹಾಕಿದ್ದಾರೆ ಅಂತ ಬೈಯುತ್ತಾರೆ. ಎಷ್ಟೋ ಸಲ ಸಿಮೆಂಟ್ ಸರಿಯಾಗಿಯೇ ಇರುತ್ತದೆ. ಸೇಡಂ, ಮಳಖೇಡ, ವಾಡಿ ಕಡೆ ಫ್ಯಾಕ್ಟರಿಗಳಿರುವ ಜಿಲ್ಲೆ ನಮ್ಮದು, ಸಿಮೆಂಟಿಗೆ ಬರ ಇಲ್ಲ. ತಪ್ಪಿರುವುದು ಕೆಳಗೆ.

ಬೀದರ್‌ಗೆ ಕೆಲಸದ ಮೇಲೆ ಹೋದಾಗ ಈ ವಿಷಯದಲ್ಲಿ ಹೊಟ್ಟೆಕಿಚ್ಚಾಗುತ್ತದೆ. ಆ ಊರು ಕೂತಿರುವುದು ಕೆಂಪು ಕಲ್ಲಿನ ಮೇಲೆ, ಲ್ಯಾಟರೈಟ್. ನಮ್ಮ ಹಾಗೆ ಉಬ್ಬಿ ಕುಗ್ಗುವ ತಾಪತ್ರಯ ಇಲ್ಲ. ಆದರೆ ಅಲ್ಲಿ ಕೆಳಗೆ ಬಹಮನಿ ಕಾಲದ ಕರೇಜ್, ನಾವು ಸುರಂಗ ಬಾವಿ ಅನ್ನುವ ನೀರಿನ ಸುರಂಗ, ಹಾದುಹೋಗಿದೆ. ಪೈಪಿಗೆ ಅಗೆಯುವ ಮುಂಚೆ ಅದರ ದಾರಿ ಎಲ್ಲಿ ಅಂತ ನೋಡಿಕೊಳ್ಳಬೇಕು.

ಇನ್ನು ಮಾರ್ಚ್ ವಿಷಯ. ಆರ್ಥಿಕ ವರ್ಷ 31ಕ್ಕೆ ಮುಗಿಯುತ್ತದೆ, ಅನುದಾನ ವಾಪಸ್ ಹೋಗಬಾರದು, ಬಿಲ್ ಆಗಬೇಕು. ಅಲ್ಲಿಯವರೆಗೆ ಮಲಗಿದ್ದ ಕಾಮಗಾರಿಗಳೆಲ್ಲ ಫೆಬ್ರುವರಿಯಲ್ಲಿ ಒಟ್ಟಿಗೆ ಎದ್ದು ಕೂರುತ್ತವೆ. ಉಳಿದಿದ್ದು ಏಪ್ರಿಲ್, ಮೇ ತಿಂಗಳಿಗೆ ಜಾರುತ್ತದೆ. ಅಂದರೆ ನಾವು ಜಾಸ್ತಿ ಕಾಂಕ್ರೀಟ್ ಹಾಕುವುದು ವರ್ಷದಲ್ಲೇ ಕಾಂಕ್ರೀಟಿಗೆ ಅತಿ ಕೆಟ್ಟ ಹೊತ್ತಿನಲ್ಲಿ! ಬಿಸಿಲಿಗೆ ಅಂತಲೇ ಕಲಬುರಗಿ ವಿಭಾಗದಲ್ಲಿ ಆ ಎರಡು ತಿಂಗಳು ಸರ್ಕಾರಿ ಕಚೇರಿಯ ಹೊತ್ತನ್ನು ಬೆಳಗ್ಗೆ 8ರಿಂದ ಮಧ್ಯಾಹ್ನ 1.30 ಅಂತ ಬದಲಿಸುತ್ತಾರೆ. ಕಾಂಕ್ರೀಟ್ ಮಾತ್ರ ಮಧ್ಯಾಹ್ನ ಎರಡಕ್ಕೂ ಬೀಳುತ್ತಿರುತ್ತದೆ. ಹಾಕುವಾಗ ಕಾಂಕ್ರೀಟಿನ ಬಿಸಿ 40 ಡಿಗ್ರಿ ದಾಟಬಾರದು. ಹೊರಗೇ 42 ಇದ್ದು, ಜಲ್ಲಿ ಬಿಸಿಲಿಗೆ ಕಾದು ಕೈ ಇಡಲು ಆಗದಂತಿದ್ದರೆ ಅದು ಹೇಗೆ ಸಾಧ್ಯ?

ಕಳೆದ ಏಪ್ರಿಲ್‌ನಲ್ಲಿ ಒಂದು ಓಣಿಯ ಚರಂಡಿ ಗೋಡೆಯ ಕೆಲಸ. ನಾನು ಹೋಗುವ ಹೊತ್ತಿಗೆ ಮಿಕ್ಸರ್ ತಿರುಗುತ್ತಿತ್ತು. ಒಬ್ಬ ಹುಡುಗ ಬಕೆಟ್ ಹಿಡಿದು ಪಕ್ಕದಲ್ಲೇ ನಿಂತಿದ್ದ. ಅಳತೆ ಇಲ್ಲ, ಮೇಸ್ತ್ರಿ ಕಣ್ಣು ಮಾಡಿದಾಗಲೆಲ್ಲ ಸುರಿಯುವುದು. ಮಾಲು ಎಷ್ಟು ತೆಳುವಾಗಿದೆ ಅಂತ ನೋಡುವ ಸ್ಲಂಪ್ ಕೋನ್ ಇಡಿಸಿದೆ. 300 ಮಿಲಿಮೀಟರ್ ಎತ್ತರದ ಕಬ್ಬಿಣದ ಕೋನ್, ಪದರ ಪದರವಾಗಿ ತುಂಬಿ, ಪ್ರತಿ ಪದರಕ್ಕೆ ಸರಳಿನಿಂದ 25 ಸಲ ಕುಟ್ಟಿ, ಮೇಲೆ ಸಮ ಮಾಡಿ, ಮೆಲ್ಲಗೆ ನೇರವಾಗಿ ಎತ್ತಬೇಕು. ಚರಂಡಿ ಗೋಡೆಯಂಥ ಕೆಲಸಕ್ಕೆ ಅದು 50ರಿಂದ 100 ಮಿಲಿಮೀಟರ್ ಕುಸಿದರೆ ಸರಿ. ಅವತ್ತು ಕೋನ್ ಎತ್ತಿದ ಕೂಡಲೇ ಎಲ್ಲ ಹರಡಿ ತಗಡಿನ ಅಂಚಿನಿಂದ ಸಿಮೆಂಟ್ ನೀರು ಇಳಿಯಿತು. ಅಳೆಯುವುದಕ್ಕೇ ಏನೂ ಉಳಿಯಲಿಲ್ಲ.

ಮೇಸ್ತ್ರಿ ಜೇವರ್ಗಿ ಕಡೆಯವರು, ಮುಂಬೈಯಲ್ಲಿ, ಪುಣೆಯಲ್ಲಿ ದೊಡ್ಡ ದೊಡ್ಡ ಕಟ್ಟಡಕ್ಕೆ ದುಡಿದು ಬಂದವರು. ಕೈಕೆಲಸದಲ್ಲಿ ಅವರಿಗೆ ಹೇಳಿಕೊಡುವಂಥದ್ದು ನನ್ನ ಹತ್ತಿರ ಏನೂ ಇಲ್ಲ. ಅವರು ಹೇಳಿದರು: "ಮೇಡಂರೀ, ಬಿಸ್ಲಿಗಿ ಮಾಲ್ ಗಟ್ಟಿ ಆಗ್ಲತ್ತದ್ರಿ. ನೀರ್ ಹಾಕ್ಲಿಲ್ಲಂದ್ರ ಸೆಂಟ್ರಿಂಗ್ ಒಳಗ ಹ್ಯಾಂಗ ಇಳಿಸ್ಬೇಕು?"

ಪ್ರಶ್ನೆ ಸರಿಯೇ. ಅವರ ಕಷ್ಟ ನಿಜ. ಆದರೆ ಲೆಕ್ಕ ಬೇರೆ. 50 ಕೆಜಿ ಸಿಮೆಂಟ್ ಚೀಲಕ್ಕೆ ಸುಮಾರು 25 ಲೀಟರ್ ನೀರು ಅಂದರೆ ನೀರು-ಸಿಮೆಂಟ್ ಅನುಪಾತ 0.5. ಅದಕ್ಕೊಂದು ಹತ್ತು ಲೀಟರಿನ ಬಕೆಟ್ ಸೇರಿಸಿದರೆ 0.7. ಎಂ20 ದರ್ಜೆಯ ಆರ್‌ಸಿಸಿಗೆ (ಸಲಾಖೆ ಹಾಕಿದ ಕಾಂಕ್ರೀಟಿಗೆ) ಭಾರತೀಯ ಮಾನದಂಡ ಐಎಸ್ 456 ಕೊಡುವ ಮಿತಿ 0.55. ಜಾಸ್ತಿಯಾದ ನೀರು ಸಿಮೆಂಟಿಗೆ ಬೇಕಾಗಿಲ್ಲ. ಅದು ಆವಿಯಾಗಿ ಹೋಗುತ್ತದೆ, ಅದು ಇದ್ದ ಜಾಗ ಸಣ್ಣ ಸಣ್ಣ ತೂತಾಗಿ ಉಳಿಯುತ್ತದೆ, ಮುಂದೆ ಚರಂಡಿಯ ಕೊಳಕು ನೀರು ಅದೇ ತೂತಿನಿಂದ ಸಲಾಖೆಗೆ ಹೋಗುತ್ತದೆ. ಆ ಮಾಲು ಹಾಕುವುದನ್ನು ಬಿಡಿಸಿದೆ. ಗುತ್ತೇದಾರರಿಗೆ ಸಿಟ್ಟು ಬಂತು, ಬರಲಿ. ಆಮೇಲೆ ಕೂತು ಮಾತಾಡಿದೆವು. ನೀರು ಹೆಚ್ಚಿಸದೆ ಮಾಲು ಸಡಿಲವಾಗಿಡುವ ಪ್ಲಾಸ್ಟಿಸೈಸರ್ ತರಿಸಿದರು, ಜಲ್ಲಿ ರಾಶಿಗೆ ಹಿಂದಿನ ಸಂಜೆಯೇ ನೀರು ಹೊಡೆದು ಮೇಲೆ ತಾಡಪತ್ರಿ ಹಾಕಿದರು, ಕೆಲಸ ಬೆಳಗಿನ ಜಾವ ಶುರು ಮಾಡಿ ಹತ್ತರೊಳಗೆ ನಿಲ್ಲಿಸುವುದು ಅಂತ ಆಯ್ತು. ಮೇಸ್ತ್ರಿಗೂ ಅದೇ ಹಿತ ಆಯಿತು. ಬುಟ್ಟಿ ಹೊರುವ ಹೆಣ್ಣುಮಕ್ಕಳಿಗಂತೂ ಇನ್ನೂ ಹಿತ. ಬಿಸಿಲಲ್ಲಿ ಕಾಂಕ್ರೀಟ್ ಒಂದೇ ಕೆಡುವುದಿಲ್ಲ, ಮನುಷ್ಯರೂ ಬೀಳುತ್ತಾರೆ.

ಕ್ಯೂರಿಂಗ್ ಇನ್ನೊಂದು ಸಂಕಟ. ಕಾಂಕ್ರೀಟ್ ಗಟ್ಟಿಯಾಗುವುದು ಒಣಗಿ ಅಲ್ಲ, ಸಿಮೆಂಟ್ ನೀರಿನ ಜೊತೆ ಕೂಡಿ. ಬೇಗ ಒಣಗಿದರೆ ಆ ಕೂಡುವುದು ಅರ್ಧಕ್ಕೇ ನಿಲ್ಲುತ್ತದೆ. ಬಿಸಿಲು, ಒಣಗಾಳಿ ಇರುವಲ್ಲಿ ಕಡಿಮೆ ಅಂದರೂ 10 ದಿನ ಹಸಿಯಾಗಿಡಬೇಕು. ರಸ್ತೆಯಾದರೆ ಮಡಿ ಕಟ್ಟಿ ನೀರು ನಿಲ್ಲಿಸಬಹುದು, ಗೋಡೆಯಾದರೆ ಗೋಣಿಚೀಲ ಸುತ್ತಿ ನೀರು ಹೊಡೆಯುತ್ತಿರಬೇಕು. ನೀರೆಲ್ಲಿ? ಭೀಮಾ, ಬೆಣ್ಣೆತೊರಾ ನೀರು ಬೇಸಿಗೆಯಲ್ಲಿ ಮನೆಗಳಿಗೇ ಸಾಲುವುದಿಲ್ಲ. ಕುಡಿಯುವ ನೀರಿಗೆ ಕೊಡ ಹಿಡಿದು ನಿಂತವರ ಎದುರು ರಸ್ತೆಗೆ ಟ್ಯಾಂಕರ್ ನೀರು ಸುರಿದರೆ ಅವರಿಗೆ ಹೊಟ್ಟೆ ಉರಿಯುವುದಿಲ್ಲವಾ? ಗುತ್ತೇದಾರರಿಗೂ ಟ್ಯಾಂಕರ್ ದುಡ್ಡು ಕೈಯಿಂದ ಹೋಗುವ ಹಾಗೆ ಅನ್ನಿಸುತ್ತದೆ. ನಾನು ಎಲ್ಲ ಮೀಟಿಂಗಿನಲ್ಲೂ ಹೇಳುವುದು ಒಂದೇ: ಮಣ್ಣು ಒಣಗಿ ಕೈಗೆ ಬರುವ ಡಿಸೆಂಬರ್, ಜನವರಿಯಲ್ಲಿ ಕಾಂಕ್ರೀಟ್ ಹಾಕಿ. ಚಳಿಗಾಲ, ನೀರೂ ಇರುತ್ತದೆ. ಟೆಂಡರ್ ಮೂರು ತಿಂಗಳು ಮುಂಚೆ ಕರೆದರೆ ಸಾಕು. ಇದಕ್ಕೆ ಹೊಸ ತಂತ್ರಜ್ಞಾನ ಬೇಡ, ಕ್ಯಾಲೆಂಡರ್ ಬೇಕು.

ಕ್ಯೂಬ್ ಬಗ್ಗೆಯೂ ಹೇಳಬೇಕು. 150 ಮಿಲಿಮೀಟರಿನ ಕಬ್ಬಿಣದ ಅಚ್ಚಿನಲ್ಲಿ ಕಾಂಕ್ರೀಟ್ ತುಂಬಿ, ನೀರಲ್ಲಿಟ್ಟು, 7 ದಿನಕ್ಕೆ, 28 ದಿನಕ್ಕೆ ಲ್ಯಾಬಿನಲ್ಲಿ ಒಡೆದು ಬಲ ನೋಡುತ್ತೇವೆ. ಕೆಲವರು ಕ್ಯೂಬಿಗೆ ಅಂತಲೇ ಬೇರೆ ಮಾಲು ಕಲಸುತ್ತಾರೆ, ಸಿಮೆಂಟ್ ಜಾಸ್ತಿ ಹಾಕಿ. ಅದರ ರಿಸಲ್ಟ್ ಬಂಗಾರದಂತೆ ಬರುತ್ತದೆ, ಚರಂಡಿ ಮಾತ್ರ ಉದುರುತ್ತದೆ. ಅದಕ್ಕೆ ನಾನು ಯಾವ ಮಿಕ್ಸಿನಿಂದ ತುಂಬುತ್ತೇನೆ ಅಂತ ಮೊದಲೇ ಹೇಳುವುದಿಲ್ಲ, ಕೆಲಸದ ಮಧ್ಯೆ ಎದ್ದು ತುಂಬುತ್ತೇನೆ, ಹಸಿ ಇರುವಾಗಲೇ ಮೇಲೆ ತಾರೀಖು, ಸಹಿ ಗೀಚುತ್ತೇನೆ. ಅನುಮಾನ ಬಂದರೆ ಮುಗಿದ ಕಾಂಕ್ರೀಟಿನಿಂದಲೇ ಕೋರ್, ಅಂದರೆ ದುಂಡನೆಯ ತುಂಡು, ಕಡಿದು ನೋಡಬಹುದು, ಅದೂ ಒಂದು ದಾರಿ. ಅದರಿಂದ ದಪ್ಪ ಗೊತ್ತಾಗುತ್ತದೆ, ಬಲ ಗೊತ್ತಾಗುತ್ತದೆ. ಆದರೆ ಕೆಳಗಿನ ಮಣ್ಣು ಕೂತಿದೆಯಾ ಅನ್ನುವುದು ಕೋರ್‌ಗೆ ಗೊತ್ತಾಗುವುದಿಲ್ಲ, ಆ ಹೊತ್ತಿಗೆ ತಕರಾರು ಫೈಲಾಗಿ ಮೇಜಿನ ಮೇಲೆ ಕೂತಿರುತ್ತದೆ.

ಸಲಾಖೆ ಕಟ್ಟುವಲ್ಲಿ ನಮ್ಮ ಊರಿನದೇ ಒಂದು ಚಟ ಇದೆ. ಸಲಾಖೆ ಸೆಂಟ್ರಿಂಗಿಗೆ ತಾಗದ ಹಾಗೆ ಕೆಳಗೆ ಕವರ್ ಬ್ಲಾಕ್ ಇಡಬೇಕಲ್ಲ, ಅದರ ಬದಲು ಶಹಾಬಾದ್ ಕಲ್ಲಿನ ಚೂರು ಸಿಕ್ಕಿಸುತ್ತಾರೆ. ಎಲ್ಲಿ ನೋಡಿದರೂ ಬಿದ್ದಿರುತ್ತದೆ, ಬಿಟ್ಟಿ ಸಿಗುತ್ತದೆ, ಚಪ್ಪಟೆ ಬೇರೆ. ಆದರೆ ಒಂದು ಚೂರು 10 ಮಿಲಿಮೀಟರ್, ಇನ್ನೊಂದು 30. ಕಾಂಕ್ರೀಟ್ ಅಲುಗಾಡಿಸಿ ಕೂರಿಸುವ ವೈಬ್ರೇಟರ್ ಹತ್ತಿರ ಬಂದ ಕೂಡಲೇ ಜಾರಿ ಸಲಾಖೆ ಕೆಳಗೆ ಕೂರುತ್ತದೆ. ಸ್ಲ್ಯಾಬ್ ಕೆಳಗಿಂದ ತುಕ್ಕಿನ ಗೆರೆ ಕಂಡು ಪದರ ಉದುರುವುದು ಎಷ್ಟು ಶಾಲೆಗಳಲ್ಲಿ ನೋಡಿಲ್ಲ ನೀವು? ಸಿಮೆಂಟಿನ ಕವರ್ ಬ್ಲಾಕ್ ಸೈಟಿನಲ್ಲೇ ಎರಕ ಹೊಯ್ದುಕೊಳ್ಳಬಹುದು, ಖರ್ಚು ಅಂತ ಹೇಳುವಷ್ಟು ಖರ್ಚೇ ಅಲ್ಲ.

ಯುಜಿಡಿ ಕೆಲಸದಲ್ಲಿ ನಾನು ಯಾರ ಮಾತೂ ಕೇಳುವುದಿಲ್ಲ. ಒಂದೂವರೆ ಮೀಟರ್‌ಗಿಂತ ಆಳದ ಗುಂಡಿಗೆ ಪಕ್ಕಕ್ಕೆ ಹಲಗೆ, ಅಡ್ಡ ಆನಿಕೆ ಕೊಡಲೇಬೇಕು. ಎರೆಮಣ್ಣಿನ ಗೋಡೆ ಬೆಳಗ್ಗೆ ಕಲ್ಲಿನ ಹಾಗೆ ನಿಂತಿರುತ್ತದೆ, ಬಿರುಕಿಗೆ ನೀರು ಇಳಿದರೆ ಹೇಳದೆ ಕೇಳದೆ ಬೀಳುತ್ತದೆ. "ಐದ್ ಮಿನಿಟ್ ಕೆಲ್ಸ ಅದ ಮೇಡಂ, ಪೈಪ್ ಜೋಡ್ಸಿ ಮ್ಯಾಲ ಬರ್ತೀವ್ರಿ" ಅಂತಾರೆ. ಆನಿಕೆ ಬರುವ ತನಕ ಇಳಿಯಬೇಡಿ ಅಂತ ನಾನು ಅಂಚಿನಲ್ಲೇ ನಿಲ್ಲುತ್ತೇನೆ. ಪೈಪಿನ ಇಳಿಜಾರೂ ಅಷ್ಟೇ ಮುಖ್ಯ. ಲೆವೆಲ್ ಮಷಿನ್ ಇಟ್ಟು ಮ್ಯಾನ್‌ಹೋಲಿನಿಂದ ಮ್ಯಾನ್‌ಹೋಲಿಗೆ ನೋಡಬೇಕು, ಮಣ್ಣು ಮುಚ್ಚುವ ಮುಂಚೆ. ಇಳಿಜಾರು ತಪ್ಪಿದ ಪೈಪು ಕಟ್ಟಿಕೊಳ್ಳುತ್ತಲೇ ಇರುತ್ತದೆ, ಕಟ್ಟಿಕೊಂಡಾಗ ಕೊನೆಗೆ ಯಾರನ್ನೋ ಒಳಗೆ ಇಳಿಸುವ ಮಾತು ಬರುತ್ತದೆ. ಸುರಕ್ಷತಾ ಸಾಧನ ಇಲ್ಲದೆ ಹಾಗೆ ಇಳಿಸುವುದನ್ನು ಮಲ ಹೊರುವ ಪದ್ಧತಿ ವಿರುದ್ಧದ 2013ರ ಕಾಯ್ದೆ ನಿಷೇಧಿಸಿದೆ. ಆ ಕಾಯ್ದೆ ಪಾಲನೆಯಾಗುವುದು ಪೈಪ್ ಹಾಕುವ ದಿನದಿಂದಲೇ ಅಂತ ನಾನು ನಂಬಿದ್ದೇನೆ.

ಗುತ್ತೇದಾರರೆಲ್ಲ ಕಳ್ಳರು ಅನ್ನುವ ಮಾತು ನಾನು ಒಪ್ಪುವುದಿಲ್ಲ. ಅಂದಾಜಿಗಿಂತ ತೀರಾ ಕಡಿಮೆಗೆ ಟೆಂಡರ್ ಹಾಕಿ ಸಿಕ್ಕಿಕೊಂಡವರಿದ್ದಾರೆ, ಬಿಲ್ಲಿಗೆ ತಿಂಗಳುಗಟ್ಟಲೆ ಅಲೆಯುವವರಿದ್ದಾರೆ, ಆದರೂ ಪದರ ಪದರವಾಗಿ ಮುರುಮ್ ಕೂರಿಸಿ "ಬಂದು ನೋಡ್ರಿ" ಅಂತ ತಾವೇ ಫೋನ್ ಮಾಡುವವರೂ ಇದ್ದಾರೆ. ಅಂಥವರ ರಸ್ತೆಯ ಬಗ್ಗೆ ವರದಿ ಬರೆಯುವಾಗ ಒಳ್ಳೆಯದನ್ನೂ ಬಿಡದೆ ಬರೆಯುತ್ತೇನೆ.

ಜನರ ಮಾತಿನಿಂದ ನಾನು ಕಲಿತಿದ್ದೂ ಇದೆ. ಹಳೇ ಊರಿನ ಒಂದು ಓಣಿಯಲ್ಲಿ ಹಳೆಯ ಸಿಸಿ ಮೇಲೆಯೇ ಹೊಸ ಸಿಸಿ ಹಾಕುವ ಕೆಲಸ. ದಪ್ಪ ಸರಿ, ಮಾಲು ಸರಿ. ಕಟ್ಟೆ ಮೇಲೆ ಕೂತಿದ್ದ ಒಬ್ಬ ಅಜ್ಜಿ ಕರೆದು ತೋರಿಸಿದರು: "ರೋಡ್ ಮ್ಯಾಲ ಮ್ಯಾಲ ಬರ್ಲತ್ತದ, ನಮ್ಮನಿ ಕೆಳಗ ಹೋಗ್ಲತ್ತದ ನೋಡವ್ವ. ಮಳಿ ಬಂದ್ರ ನೀರೆಲ್ಲ ಅಡಗಿ ಮನಿಗೇ." ಅವರ ಹೊಸ್ತಿಲಿಗೆ ಮೊದಲು ಹತ್ತಿ ಹೋಗಬೇಕಿತ್ತಂತೆ, ಈಗ ಇಳಿದು ಹೋಗಬೇಕು. ಎಸ್ಟಿಮೇಟಿನಲ್ಲಿ ಹಳೆಯದನ್ನು ಒಡೆದು ತೆಗೆಯುವ ಐಟಂ ಇರಲೇ ಇಲ್ಲ. ನನ್ನ ಚೆಕ್‌ಲಿಸ್ಟಿನಲ್ಲೂ ಮನೆಯ ಹೊಸ್ತಿಲಿನ ಎತ್ತರಕ್ಕೆ ಜಾಗ ಇರಲಿಲ್ಲ. ಈಗ ಹಳೇ ಓಣಿಗೆ ಹೋದರೆ ಮೊದಲು ಹೊಸ್ತಿಲುಗಳ ಲೆವೆಲ್ ತೆಗೆದು ವರದಿಗೆ ಸೇರಿಸುತ್ತೇನೆ. ಕೆಲವು ಕಡೆ ಅದರಿಂದ ವಿನ್ಯಾಸ ಬದಲಾಗಿದೆ, ಎಲ್ಲ ಕಡೆ ಅಲ್ಲ.

ನಿಮ್ಮ ಓಣಿಯಲ್ಲಿ ಕೆಲಸ ಶುರುವಾದರೆ ನೀವು ಸುಮ್ನೆ ಮನೆಯೊಳಗೆ ಕೂರಬೇಡಿ. ಎಂಜಿನಿಯರ್ ಆಗಿರಬೇಕಿಲ್ಲ. ಗುಂಡಿಯ ಆಳಕ್ಕೆ ಟೇಪ್ ಹಿಡಿಯಬಹುದು. ಮುರುಮ್ ಜೊತೆ ಕರಿ ಮಣ್ಣು ಬರುತ್ತಿದೆಯಾ ಅಂತ ಕಣ್ಣಿಗೇ ಗೊತ್ತಾಗುತ್ತದೆ. ಸಿಸಿ ಹಾಕಿದ ಮಾರನೇ ದಿನ ಕಟ್ಟರ್ ತಂದು ಅಡ್ಡ ಜಾಯಿಂಟ್ ಕೊಯ್ದರಾ, ಹತ್ತು ದಿನ ನೀರು ನಿಲ್ಲಿಸಿದರಾ, ಇದನ್ನು ನಿಮ್ಮಷ್ಟು ಚೆನ್ನಾಗಿ ನೋಡುವವರು ಯಾರೂ ಇಲ್ಲ, ನೀವು ಅಲ್ಲೇ ಇರುತ್ತೀರಿ. ಎಸ್ಟಿಮೇಟ್ ಪ್ರತಿಯನ್ನು ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕ ಕಟ್ಟಿ ಕೇಳಬಹುದು, ಆದರೆ ಉತ್ತರಕ್ಕೆ 30 ದಿನ ಸಮಯ ಇರುತ್ತದೆ, ಅಷ್ಟರಲ್ಲಿ ರಸ್ತೆಯೇ ಮುಗಿದಿರುತ್ತದೆ. ಅದಕ್ಕೆ ಭೂಮಿಪೂಜೆಯ ದಿನವೇ ಅರ್ಜಿ ಹಾಕಿ. ಮುಗಿದ ಮೇಲೆ ಕುಸಿದರೆ, ಬಿರುಕು ಬಿಟ್ಟರೆ, ದೋಷ ಹೊಣೆಗಾರಿಕೆ ಅವಧಿ ಅಂತ ಒಂದಿರುತ್ತದೆ, ಎಷ್ಟು ಅಂತ ಕರಾರಿನಲ್ಲಿ ಬರೆದಿರುತ್ತದೆ. ಅದರೊಳಗೆ ಗುತ್ತೇದಾರರೇ ತಮ್ಮ ಖರ್ಚಿನಲ್ಲಿ ಸರಿಮಾಡಿಕೊಡಬೇಕು, ಅವರ ಠೇವಣಿ ಹಣ ಅದಕ್ಕೇ ಹಿಡಿದಿಟ್ಟಿರುತ್ತಾರೆ. ಬಾಯಲ್ಲಿ ಹೇಳಿ ಬರಬೇಡಿ. ಬರೆದು ಕೊಡಿ, ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ. ಫೋಟೋ ತೆಗೆಯುವಾಗ ಬಿರುಕಿನ ಜೊತೆ ಪಕ್ಕದ ಮನೆ ಇಲ್ಲವೇ ಕಾಮಗಾರಿ ಬೋರ್ಡು ಕಾಣುವ ಹಾಗೆ ನಿಂತು ತೆಗೆಯಿರಿ, ಬರೀ ಬಿರುಕಿನ ಫೋಟೋ ಯಾವ ಊರಿನದು ಅಂತ ಯಾರೂ ಹೇಳಲಾರರು.